ಜ್ವರದ ಮರದ ನಿಜವಾದ ವಯಸ್ಸು

ಲಿಂಡೆಬೇಕ್
27 ಜೂನ್ 1911

ಮಾತು ಬಿಟ್ಟಿರುವ ಜೋಸ್‌ಗೆ, ಮಾತು ಬಿಡುವಂತೆ ಮಾಡಿದ ವೇರ್ಲೆಯ ವಂದನೆ.

ನಿಶ್ಚಿತಾರ್ಥ ಮುರಿದವಳು ನಾನೇ, ಆದ್ದರಿಂದ ಮೊದಲು ಬರೆಯಬೇಕಾದವಳೂ ನಾನೇ. ಹೋದ ವರ್ಷ ನಾನು ಜ್ವರದಲ್ಲಿ ಬಿದ್ದಿದ್ದಾಗ ನೀನು ನಿನ್ನ ನೀಲಿ ಅಂಗಿಯ ತೋಳು ಹರಿದು, ಪ್ರಾರ್ಥನಾಮಂದಿರದ ಮುಂದಿನ ಜ್ವರದ ಮರಕ್ಕೆ ಕಟ್ಟಿ ಬಂದೆ. ಮೂರನೆಯ ದಿನ ಜ್ವರ ನನ್ನನ್ನು ಬಿಟ್ಟಿತು. ನಾಲ್ಕನೆಯ ದಿನ ನಾನು ನಿನ್ನನ್ನು ಬಿಟ್ಟೆ. ಮೂಢನಂಬಿಕೆಯವನ ಜೊತೆ ಬಾಳಲಾರೆ ಎಂದೆ. ಕಟ್ಟಿದ ಬಟ್ಟೆ ಬಿಚ್ಚಿದವರಿಗೆ ಅದರ ಜ್ವರ ಬರುತ್ತದೆ ಎಂದು ಊರೆಲ್ಲ ನಂಬುತ್ತದಲ್ಲ, ನಿನ್ನ ತೋಳನ್ನು ನಾನೇ ಬಿಚ್ಚಿ ಕಾಲುವೆಗೆ ಎಸೆದಿದ್ದೇನೆ, ನೋಡು ನನಗೇನೂ ಆಗಿಲ್ಲ ಎಂದೂ ಹೇಳಿದೆ. ನೀನು ಕೋರ್ಟ್ರೇಕ್‌ಗೆ, ಅಣ್ಣನ ಅಗಸೆನಾರಿನ ಕೆಲಸಕ್ಕೆ ಹೊರಟುಹೋದೆ.

ಈ ವರ್ಷ ನಮ್ಮೂರಿಗೆ ಉಗಿ ಟ್ರಾಮ್ ಬರುತ್ತಿದೆ. ಟ್ರಾಮ್ ಬಂದರೆ ಪ್ರವಾಸಿಗರು ಬರುತ್ತಾರೆ. ಅವರಿಗೆ ಊರಿನ ಇತಿಹಾಸ ಮತ್ತು ನೋಡತಕ್ಕ ಸ್ಥಳಗಳ ಪುಸ್ತಿಕೆ ಬೇಕು ಎಂದು ಪುರಸಭೆಯ ಯಜಮಾನರಾದ ಬರ್ಗಮಾಸ್ಟರ್ ಗುಸ್ತಾವ್ ಅವರಿಗೆ ಹೊಳೆಯಿತು. ಪುರಸಭೆಯವರೆಲ್ಲ ಫ್ರೆಂಚ್ ಮಾತಾಡುವ ದೊಡ್ಡವರು, ನಮ್ಮ ಭಾಷೆಯಲ್ಲಿ ನೆಟ್ಟಗೆ ಒಂದು ಪುಟ ಬರೆಯಲಾರರು. ಚಿಕ್ಕಪ್ಪನ ಕಾಗದದಂಗಡಿಯಲ್ಲಿ ಕರಪತ್ರ ಓದಿ ಓದಿ ಕೈ ಪಳಗಿಸಿಕೊಂಡ ನನಗೇ ಹೇಳಿದರು. ನಾನು ಸತ್ಯವನ್ನೇ ಬರೆಯುತ್ತೇನೆ ಎಂದೆ. "ಬರಿಯಮ್ಮಾ, ಆದ್ರೆ ನಲವತ್ತು ಪುಟ ದಾಟ್ಬೇಡ" ಎಂದರು.

ಬರೆದೆ. ಕೋಟೆಯ ಕೊಳವನ್ನು ತೊಂಬತ್ತು ರೈತರು ಬಿಟ್ಟಿ ದುಡಿದು ತೋಡಿದರು, ಅಲ್ಲಿ ಹಂಸಗಳು ಮಾತ್ರ ಬೆಳ್ಳಗಿವೆ ಎಂದೆ. ಬೀಚ್ ಮರಗಳ ಸಾಲುದಾರಿಯ ನೆರಳು ಎಲ್ಲರಿಗೂ ಸೇರಿದ್ದು, ಬೆಂಚು ಮಾತ್ರ ಶ್ರೀಮಂತರಿಗೆ ಯಾಕೆ ಎಂದು ಕೇಳಿದೆ. ಹದಿನೇಳನೆಯ ಪುಟದಲ್ಲಿ ಜ್ವರದ ಮರಕ್ಕೆ ಬಂದೆ. ನಾನೂರು ವರ್ಷದ ಲಿಂಡನ್ ಮರವಂತೆ! ಹಾಗಾದರೆ ಇಷ್ಟು ಸಪೂರ ಯಾಕೆ ಎಂದರೆ, ಊರ ಜ್ವರ ಹೀರಿ ಹೀರಿ ಸೊರಗಿದೆ ಎನ್ನುತ್ತಾರೆ. ನಿಜ ನನಗೆ ಗೊತ್ತಿತ್ತು. ಹಳೆಯ ಮರ ಬಿರುಗಾಳಿಗೆ ಉರುಳಿದ್ದು 1868ರಲ್ಲಿ. ಜನ ಎದೆಗುಂದಬಾರದೆಂದು ಆಗಿನ ಪಾದ್ರಿಯೂ ನನ್ನ ತಾತನೂ ಸೇರಿ ಅದರ ಬುಡದಲ್ಲೇ ಒಂದು ಸಸಿ ನೆಟ್ಟು, ಹಳೆಯ ಬೇರೇ ಚಿಗುರಿತು ಎಂದು ಸಾರಿದರು. ಅಜ್ಜಿ ಆಲೂಗೆಡ್ಡೆ ಸುಲಿಯುತ್ತ ನನಗೊಬ್ಬಳಿಗೇ ಹೇಳಿದ್ದಳು. ನಾನು ಅದನ್ನು ಐನೂರು ಪ್ರತಿ ಅಚ್ಚು ಹಾಕಿಸಿದೆ.

ಬರ್ಗಮಾಸ್ಟರ್ ಅದನ್ನು ಓದಿ ನನ್ನ ಕೈ ಕುಲುಕಿದರು. ಟ್ರಾಮ್ ತಿರುಗಿಕೊಳ್ಳಲು ಅವರಿಗೆ ಬೇಕಾಗಿದ್ದದ್ದು ಆ ಮರದ ಜಾಗವೇ. ಇಷ್ಟು ದಿನ ಜನರಿಗೆ ಹೆದರಿ ಸುಮ್ಮನಿದ್ದರು. ಪುರಭವನದ ಮೆಟ್ಟಿಲ ಮೇಲೆ ನಿಂತು ನನ್ನ ಹದಿನೇಳನೆಯ ಪುಟವನ್ನು ಗಟ್ಟಿಯಾಗಿ ಓದಿ, "ನಲವತ್ಮೂರು ವರ್ಷದ ಮರ ಅಂತೆ. ನನಗಿಂತ ಚಿಕ್ಕದು! ಶುಕ್ರವಾರ ಕಡಿಯೋಣ" ಎಂದರು.

ಅಜ್ಜಿ ನನಗೆ ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. "ನಿಮ್ಮ ತಾತ ಸಾಯೋವರೆಗೂ ಬಾಯಿ ಮುಚ್ಕೊಂಡಿದ್ರು. ನಿನಗೆ ಒಂದು ಪುಟ ಮುಚ್ಕೊಂಡಿರೋಕಾಗ್ಲಿಲ್ವೇನೇ?" ಎಂದು, ಲೇಸು ಹೆಣೆಯುವ ದಿಂಬು ಎತ್ತಿಕೊಂಡು ಮರದ ಕೆಳಗೆ ಕುರ್ಚಿ ಹಾಕಿ ಕುಳಿತಳು. "ಕಡಿಯೋದಾದ್ರೆ ನನ್ನ ಕಾಲಿಂದ್ಲೇ ಶುರು ಮಾಡ್ಲಿ."

ಸತ್ಯ ಕೆಡಿಸಿದ್ದನ್ನು ಸತ್ಯವೇ ಸರಿಮಾಡುತ್ತದೆ ಎಂದು ನಂಬಿ, ಮರಗಳು ಜನರ ಸೊತ್ತು ಎಂಬ ಹೊಸ ಕರಪತ್ರ ಬರೆದು ಬಿಯರ್ ಅಂಗಡಿಯಲ್ಲಿ ಓದಿದೆ. ಜೋಡು ಹೊಲಿಯುವ ನೆಲ್ಲಿಸ್ ಲೋಟ ಕೆಳಗಿಟ್ಟು, "ಅದು ಬರೀ ಮರ ಅಂದೋಳೂ ನೀನೇ, ಈಗ ಬರೀ ಮರ ಅಲ್ಲ ಅನ್ನೋಳೂ ನೀನೇ. ಎರಡರಲ್ಲಿ ಒಂದು ಕರಪತ್ರ ವಾಪಸ್ ತಗೋಮ್ಮಾ" ಎಂದ. ಎಲ್ಲರೂ ನಕ್ಕರು.

ಗುರುವಾರ ಬೆಳಿಗ್ಗೆ ನಮ್ಮ ವಿಚಾರ ಸಂಘದ ಕೆಂಪು ಬ್ಯಾನರ್ ತೆಗೆದೆ. ಸಂಘದ ಸದಸ್ಯರು ಮೂವರು: ನಾನು, ಕ್ಷೌರಿಕ, ಮತ್ತು ಗಂಡ ಎಲ್ಲಿ ಹೋಗುತ್ತಾನೆಂದು ನೋಡಲು ಬರುವ ಕ್ಷೌರಿಕನ ಹೆಂಡತಿ. 'ವಿಚಾರವೇ ಬೆಳಕು' ಎಂದು ಬಿಳಿ ಅಕ್ಷರದಲ್ಲಿ ನಾನೇ ಹೊಲಿದ ಬ್ಯಾನರ್. ಅದನ್ನು ಅರವತ್ತು ಪಟ್ಟಿಗಳಾಗಿ ಹರಿದು, ಏಣಿ ಹಾಕಿ, ಮರಕ್ಕೆ ಒಂದೊಂದಾಗಿ ಕಟ್ಟತೊಡಗಿದೆ. ಜೋಸ್, ನಾನು ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಲಿಲ್ಲ. ಕಟ್ಟಿದೆ, ಅಷ್ಟೆ.

ಹಾಲು ಮಾರುವ ಬಾರ್ಬೆ ತನ್ನ ನಾಯಿ ಎಳೆಯುವ ಗಾಡಿ ನಿಲ್ಲಿಸಿ ನೋಡಿದಳು. "ಅಯ್ಯೋ ದೇವ್ರೇ! ವೇರ್ಲೆನೇ ಕಟ್ತಿದಾಳೆ ಅಂದ್ರೆ ಎಂಥ ಜ್ವರ ಬರ್ತಿದೆಯೋ!" ಎಂದು ಕೂಗಿ, ಕೊರಳಿನ ಚೌಕ ಬಿಚ್ಚಿ ಕಟ್ಟಿಯೇ ಬಿಟ್ಟಳು. ಮಧ್ಯಾಹ್ನದೊಳಗೆ ಸುದ್ದಿ ಊರು ಸುತ್ತಿತು. ಕಾಲುಚೀಲ, ಏಪ್ರನ್, ಮಗುವಿನ ಕುಲಾವಿ ಎಲ್ಲವೂ ಬಂದವು. ನೆಲ್ಲಿಸ್ ಜೋಡಿನ ಲಾಡಿ ತಂದ. ಸಂಜೆಗೆ ಮರದಲ್ಲಿ ಎಲೆಗಿಂತ ಬಟ್ಟೆಯೇ ಹೆಚ್ಚಾಗಿತ್ತು.

ಶುಕ್ರವಾರ ಮರ ಕಡಿಯುವ ಟಿಸ್ಟ ಕೊಡಲಿ ಹಿಡಿದು ಬಂದು, ಮೇಲೆ ನೋಡಿ, ಟೋಪಿ ತೆಗೆದ. "ಸ್ವಾಮಿ, ನಾವು ಮರ ಕಡಿಯೋರು, ಜ್ವರ ಬಿಚ್ಚೋರಲ್ಲ. ಇಷ್ಟನ್ನೂ ನೀವು ಬಿಚ್ಚಿಕೊಡಿ. ಆಮೇಲೆ ನಮ್ಮದು ಹತ್ತು ನಿಮಿಷದ ಕೆಲಸ."

ಬರ್ಗಮಾಸ್ಟರ್ ಹದಿನೇಳನೆಯ ಪುಟ ಓದಿದರು. "ಓದೋಕೆ ಚೆನ್ನಾಗಿದೆ. ಬಿಚ್ಚಿ" ಎಂದ ಟಿಸ್ಟ.

ಅವರು ನನ್ನ ಕಡೆ ತಿರುಗಿದರು. "ಬರೆದೋಳು ನೀನೇ ಅಲ್ವೇನಮ್ಮಾ? ನಿನಗಂತೂ ಭಯ ಇಲ್ಲ. ಒಂದು ಬಿಚ್ಚಿ ತೋರಿಸು."

ಊರೆಲ್ಲ ನನ್ನನ್ನೇ ನೋಡಿತು. ಅಜ್ಜಿ ಮಾತ್ರ ತಲೆ ಎತ್ತದೆ ಲೇಸಿನ ದಿಂಬಿನ ಮೇಲೆ ಬಾಗಿದ್ದಳು, ಆದರೆ ದಾರ ಸುತ್ತಿದ ಲೇಸುಕಡ್ಡಿಗಳ ಸದ್ದು ನಿಂತಿತ್ತು. ಒಂದು ಗಂಟು ಬಿಚ್ಚಿದ್ದರೆ ನಾನು ಬರೆದದ್ದೆಲ್ಲ ಉಳಿಯುತ್ತಿತ್ತು, ತಾತನ ಮರ ಹೋಗುತ್ತಿತ್ತು. ನಾನು ಎರಡೂ ಕೈಗಳನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡು, "ಇಲ್ಲ ಸ್ವಾಮಿ. ನಾನು ಬಿಚ್ಚಲ್ಲ" ಎಂದೆ.

ಅವರು ತಾವೇ ಕೈ ಚಾಚಿದರು. ಎದುರು ಮನೆಯ ಕಿಟಕಿಯಿಂದ ಅವರ ಹೆಂಡತಿ, "ಗುಸ್ತಾವ್! ಅದನ್ನ ಮುಟ್ಟಿದ್ರೆ ಮನೆಗೆ ಬರ್ಬೇಡಿ, ಪುರಭವನದಲ್ಲೇ ನರಳ್ತಾ ಬಿದ್ದಿರಿ!" ಎಂದರು. ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ಮೀಸೆ ತೀಡಿಕೊಂಡು ವಾಪಸಾಯಿತು. ಟ್ರಾಮ್ ಇನ್ನು ಅವರದೇ ಬಿಯರ್ ಕಾರ್ಖಾನೆಯ ಅಂಗಳದಲ್ಲಿ ತಿರುಗುತ್ತದಂತೆ.

ಅಜ್ಜಿ ಈಗ ನನ್ನೊಡನೆ ಮತ್ತೆ ಮಾತಾಡುತ್ತಾಳೆ. ಪುಸ್ತಿಕೆಯ ಹದಿನೇಳನೆಯ ಪುಟದ ಮೇಲೆ ಐನೂರು ಪ್ರತಿಗಳಲ್ಲೂ ನನ್ನ ಕೈಯಾರೆ ಚೀಟಿ ಅಂಟಿಸುತ್ತಿದ್ದೇನೆ: 'ಈ ಮರದ ವಯಸ್ಸನ್ನು ಮರವನ್ನೇ ಕೇಳಬೇಕು.' ಮರ ಈಗ ಹೂ ಬಿಟ್ಟಿದೆ. ಊರ ಚೌಕವೆಲ್ಲ ಜೇನಿನ ವಾಸನೆ.

ಸತ್ಯದ ಪಕ್ಷದಲ್ಲಿ, ಬಹುಮಟ್ಟಿಗೆ,
ವೇರ್ಲೆ

ಮರೆತ ಮಾತು: ನಿನ್ನ ನೀಲಿ ತೋಳನ್ನು ನಾನು ಕಾಲುವೆಗೆ ಎಸೆದಿರಲಿಲ್ಲ. ಬಿಚ್ಚಿಯೂ ಇರಲಿಲ್ಲ. ಬಿಚ್ಚಲೆಂದೇ ಹೋಗಿದ್ದೆ, ಗಂಟು ಸಡಿಲವಾಗಿತ್ತು, ಇನ್ನೊಂದು ಸುತ್ತು ಬಿಗಿದು ಬಂದೆ. ಎಲೆ ಉದುರುವ ಮುಂಚೆ ಒಮ್ಮೆ, ಚಳಿಗಾಲದಲ್ಲಿ ಎರಡು ಸಲ ಬಿಗಿದೆ. ಕೆಳಗಿನ ಕೊಂಬೆಯಲ್ಲೇ ಇದೆ. ಟ್ರಾಮ್ ಬರುವುದು ಆಗಸ್ಟ್‌ಗೆ. ನೀನು ಅಲ್ಲಿಯವರೆಗೆ ಕಾಯಬೇಡ.