ಎತ್ತಿಕೊಳ್ಳಲು ಅಡ್ಡಿಯಿಲ್ಲ

ಪ್ರೀತಿಯ ಅಕ್ಕನಿಗೆ,

ಹೋದ ತಿಂಗಳು ನಿನ್ನ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ನೀನು ನನ್ನ ತೋಳಿನ ಗುಳ್ಳೆಗಳನ್ನು ನೋಡಿ, "ಈಗ ಬೇಡ ಕಣೇ, ಮಲಗಿದಾನೆ" ಅಂದೆ. ಅವನು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ನನಗೆ ಬೇಸರವಿಲ್ಲ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ತುರಿಕೆಯ ಮಾತ್ರೆ ನುಂಗಿದ ಮೇಲೆ ದಿನವೆಲ್ಲ ನೀರಿನಡಿಯಲ್ಲಿ ನಡೆದಂತಿರುತ್ತದೆ. ಆ ಮಂಪರಿನಲ್ಲೇ ಮೊನ್ನೆ ನಮ್ಮ ಲ್ಯಾಬಿನಲ್ಲಿ ನನ್ನದೇ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೂರು ಬಿಳಿ ರಕ್ತಕಣಗಳಲ್ಲಿ ಎರಡೋ ಮೂರೋ ಇರಬೇಕಾದ ಕಿತ್ತಳೆ ಚುಕ್ಕೆಯ ಕಣಗಳು ಇಪ್ಪತ್ತೆರಡು ಇದ್ದವು. ದೂರದ ಊರಿನ ದೀಪಗಳಂತೆ ಕಂಡವು. ಹೆದರುವುದನ್ನೂ ಮರೆತು ನೋಡುತ್ತ ಕುಳಿತುಬಿಟ್ಟೆ.

ಚರ್ಮದ ಡಾಕ್ಟರು ವರದಿ ನೋಡಿ ನಕ್ಕರು. "ಕಳ್ಳ ಬರದಿದ್ರೂ ನಿಮ್ಮ ಮೈಯ ಕಾವಲುಗಾರರು ಎಲ್ಲರನ್ನೂ ಎಬ್ಬಿಸ್ತಿದಾರೆ, ಅಲರ್ಜಿ ಅಷ್ಟೇ. ಯಾರಿಗೂ ಅಂಟಲ್ಲ."

"ಮಗೂನ ಎತ್ಕೋಬಹುದಾ?"

"ಧಾರಾಳವಾಗಿ."

ಅದನ್ನೇ ಚೀಟಿಯಲ್ಲಿ ಬರೆಸಿಕೊಂಡು ಇದರ ಜೊತೆ ಇಟ್ಟಿದ್ದೇನೆ. ಭಾವನಿಗೂ ತೋರಿಸು.

ಭಾನುವಾರ ಬರಲೇ? ಉದ್ದ ತೋಳಿನ ಅಂಗಿ ಹಾಕಿಕೊಂಡೇ ಬರುತ್ತೇನೆ. ಇನ್ನೂ ಮನಸ್ಸು ಒಪ್ಪದಿದ್ದರೆ ಬಾಗಿಲಲ್ಲೇ ನಿಂತು ನೋಡಿ ಹೋಗುತ್ತೇನೆ. ಕನಸಿನಲ್ಲಿ ದಿನವೂ ಅವನನ್ನು ಕರೆಯಲು ಬಾಯಿ ತೆರೆಯುತ್ತೇನೆ, ಮಾತು ಹೊರಡುವುದಿಲ್ಲ. ಏನು ಹೆಸರಿಟ್ಟಿರಿ ಅನ್ನುವುದನ್ನಾದರೂ ಬರೆ.

ನಿನ್ನ ತಂಗಿ