ಎರಡು ಇಂಚು ಮಡಿಕೆ

ಮಹಡಿ ಮನೆ, ಹೊಲಿಗೆ ಕೋಣೆಯಿಂದ
ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ ಹತ್ತೂವರೆ

ಪ್ರೀತಿಯ ರೀ,

ಮದುವೆಯಾಗಿ ಒಂಬತ್ತು ವರ್ಷವಾದರೂ ನಿಮ್ಮನ್ನು ಕರೆಯಲು ನನಗಿರುವುದು ಇದೊಂದೇ ಅಕ್ಷರ. ಕಾಗದದ ಮೇಲೆ ಬರೆದರೆ ಎಷ್ಟು ಬೋಳುಬೋಳಾಗಿ ಕಾಣುತ್ತದೆ ನೋಡಿ. ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಹಡಗಿನ ಆ ಕಬ್ಬಿಣದ ಏಣಿಯನ್ನು ದಿನಕ್ಕೆ ಮೂವತ್ತು ಸಲ ಹತ್ತಿ ಇಳಿಯುವವರಿಗೆ ಮುಲಾಮು ಹಚ್ಚಿಕೊಳ್ಳಿ ಎಂದು ನಾನು ಇಲ್ಲಿಂದ ಕೂಗಿಕೊಂಡರೆ ಕೇಳಿಸುತ್ತದೆಯೇ? ವೈರು, ಫ್ಯೂಸು, ಮೋಟರು ಎಲ್ಲವನ್ನೂ ರಿಪೇರಿ ಮಾಡುತ್ತೀರಿ, ನಿಮ್ಮ ಮಂಡಿಯೊಂದನ್ನು ಬಿಟ್ಟು. ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತಿದ್ದೇನೆ, ನಿದ್ದೆ ಮಾಡುತ್ತಿದ್ದೇನೆ, ಬೇಕಾದರೆ ಕೆಳಮನೆಯ ಕಾಜಾ ಅಜ್ಜಿಯನ್ನು ಕೇಳಿ. ಫೋನಿನಲ್ಲಿ ನಿಮ್ಮ ಮಾತು ಅರ್ಧ ಸಮುದ್ರದ ಪಾಲಾಗುತ್ತದೆ, ಉಳಿದರ್ಧದಲ್ಲಿ ನಾವಿಬ್ಬರೂ ಹಲೋ ಹಲೋ ಎನ್ನುತ್ತಲೇ ಇರುತ್ತೇವೆ. ನಿಮ್ಮ ಕಂಪನಿಯ ಕಾಗದಪತ್ರಗಳ ಚೀಲ ಶುಕ್ರವಾರ ಹೊರಟು ಮುಂದಿನ ಬಂದರಿನಲ್ಲಿ ನಿಮ್ಮ ಕೈಸೇರುತ್ತದಂತೆ. ಅದಕ್ಕೇ ಕೂತು ನಿಧಾನವಾಗಿ ಬರೆಯುತ್ತಿದ್ದೇನೆ.

ಶಾಲೆ ಶುರುವಾಗಲು ಇನ್ನು ಇಪ್ಪತ್ತು ದಿನ. ಮನೆಯ ತುಂಬಾ ನೀಲಿ ಬಟ್ಟೆ. ಕುರ್ಚಿ ಎಲ್ಲಿದೆ ಎಂದು ಹುಡುಕಿಕೊಂಡು ಕೂರಬೇಕು. ನಾನು ಹೊಲಿದು ಹೊಲಿದು ಕೆಳಗೆ ಇಳಿಸುತ್ತೇನೆ, ಅಜ್ಜಿ ಕಾಜಾ ಹಾಕಿ ಗುಂಡಿ ಕೂರಿಸಿ ಮೇಲೆ ಕಳಿಸುತ್ತಾರೆ. ಅವರ ಕಣ್ಣು ಮಂಜಾಗಿದೆ, ಆದರೂ ಬೆರಳಿಗೆ ದಾರಿ ಗೊತ್ತು. ಕೆಲಸದ ಮೇಲಿದ್ದರೆ ನಾನು ಸರಿಯಾಗಿಯೇ ಇರುತ್ತೇನೆ ರೀ. ಕಷ್ಟವಾಗುವುದು ಕಾಯುವಾಗ. ಈ ಮೂರು ವರ್ಷದಲ್ಲಿ ನಾನು ಹೊಲಿದದ್ದಕ್ಕಿಂತ ಕಾದದ್ದೇ ಹೆಚ್ಚು. ಆ ಕ್ಲಿನಿಕ್ಕಿನ ಹಸಿರು ಕುರ್ಚಿಯಲ್ಲಿ ಟೋಕನ್ ಹಿಡಿದು ಕಾದೆ, ಡಾಕ್ಟರ ಬಾಗಿಲು ತೆರೆಯಲಿ ಎಂದು ಕಾದೆ, ಸೂಜಿ ಚುಚ್ಚಿಸಿಕೊಂಡು ಮುಂದಿನ ಸೂಜಿಗೆ ಕಾದೆ. ಭ್ರೂಣ ಒಳಗೆ ಹಾಕಿದ ಮೇಲೆ ಹದಿನಾಲ್ಕು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೋನಿಗೆ ಕಾದೆ. ಅದೂ ಒಂದು ಸಲವಲ್ಲ, ಮೂರು ಸಲ. ಪ್ರತಿ ಸಲವೂ ಫಲಿತಾಂಶ ತಿಳಿಸುವ ಆ ಫೋನ್ ಸಿಸ್ಟರ್ ಮೊದಲು ಕೇಳುತ್ತಿದ್ದುದು ಒಂದೇ: “ಕೂತಿದ್ದೀರಾ ಮೇಡಂ?” ಕೂತಿದ್ದೀರಾ ಎಂದರೆ ಆಗಿಲ್ಲ ಎಂದರ್ಥ. ಅಂದಿನಿಂದ ಯಾರ ಫೋನ್ ಬಂದರೂ ನಾನು ಎದ್ದು ನಿಂತೇ ಮಾತಾಡುತ್ತೇನೆ. ಮೊನ್ನೆ ನೂಲಿನ ಅಂಗಡಿಯವರು ಫೋನ್ ಮಾಡಿದಾಗಲೂ ನಿಂತಿದ್ದೆ.

ಇಟ್ಟಿದ್ದ ನಾಲ್ಕು ಭ್ರೂಣಗಳಲ್ಲಿ ಇನ್ನು ಒಂದೇ ಉಳಿದಿದೆ. ಅವರ ಫ್ರೀಜರಿನಲ್ಲಿ, ನಮ್ಮಿಬ್ಬರ ಚೀಟಿ ಅಂಟಿಸಿಕೊಂಡು. ಇದೇ ತಿಂಗಳ ಕೊನೆಯೊಳಗೆ ಇಬ್ಬರ ಸಹಿಯೂ ತಲುಪಬೇಕು: ಒಂದೋ ಕೊನೆಯದನ್ನು ಹಾಕಿ ಎಂದು, ಇಲ್ಲವೋ ನಿಲ್ಲಿಸಿ ಎಂದು. ಹಡಗು ಹತ್ತುವ ಹಿಂದಿನ ದಿನ ನೀವು ನಿಲ್ಲಿಸಿ ಎನ್ನುವ ಫಾರಂಗೆ ಸಹಿ ಹಾಕಿ ಡ್ರಾಯರಿನಲ್ಲಿಟ್ಟು, “ನಿನ್ನ ಈ ಸ್ಥಿತೀಲಿ ನೋಡಕ್ಕಾಗ್ತಿಲ್ಲ ಕಣೇ, ನೀನೂ ಮನಸ್ಸಾದಾಗ ಸಹಿ ಹಾಕಿ ಕೊಟ್ಬಿಡು” ಎಂದಿರಿ. ನಾನು ಹೂಂ ಎಂದೆ. ನಾನು ಹೂಂ ಎಂದದ್ದೂ ನಿಜ, ಇನ್ನೂ ಕೊಡದಿರುವುದೂ ನಿಜ. ಆ ಫಾರಂ ವಿಷಯ ಆಮೇಲೆ ಹೇಳುತ್ತೇನೆ.

ಕ್ಲಿನಿಕ್ಕಿನಲ್ಲಿ ಬುದ್ಧಿಮಾತು ಹೇಳಲೆಂದೇ ಒಬ್ಬರಿದ್ದಾರಲ್ಲ, ನಾವು ಸಮಾಧಾನದ ಮೇಡಂ ಎನ್ನುತ್ತಿದ್ದೆವಲ್ಲ, ಅವರು “ಕಾಯೋದೂ ಒಂದು ಕೆಲಸ ಅಂದ್ಕೊಳಿ” ಎಂದಿದ್ದರು. ಕೆಲಸ ಎಂದರೆ ವಾರಕ್ಕೊಂದು ರಜೆಯಾದರೂ ಇರುತ್ತದಪ್ಪಾ ಎಂದುಕೊಂಡಿದ್ದೆ. ಕೈಗೆ ಏನಾದರೂ ಕೆಲಸ ಕೊಡಿ ಎಂದೂ ಹೇಳಿದ್ದರು. ಅದಕ್ಕೇ ನನ್ನ ದಪ್ಪ ಅಳತೆ ಪುಸ್ತಕವನ್ನು ಅಲ್ಲಿಗೆ ಒಯ್ಯುತ್ತಿದ್ದೆ. ಒಬ್ಬರಿಗೊಂದು ಪುಟ, ಮಕ್ಕಳಾದರೆ ಅದೇ ಪುಟದಲ್ಲಿ ವರ್ಷ ವರ್ಷದ ಅಳತೆ ಒಂದರ ಕೆಳಗೊಂದು. ಮಕ್ಕಳ ಪ್ರತಿ ಸಾಲಿನ ಕೊನೆಯಲ್ಲೂ “ಮಡಿಕೆ ಎರಡು ಇಂಚು” ಎಂದಿರುತ್ತದೆ. ಬೆಳೆಯುವ ಮಕ್ಕಳ ಬಟ್ಟೆಗೆ ಕೆಳಗೆ ಅಷ್ಟು ಮಡಚಿ ಬಿಡದೆ ನಾನು ಸೂಜಿಗೆ ದಾರವನ್ನೇ ಪೋಣಿಸುವುದಿಲ್ಲ, ನಿಮಗೆ ಗೊತ್ತಲ್ಲ. “ಮಡಿಕೆ ಬೇಡ” ಎಂದು ನಾನು ಮಗುವಿನ ಪುಟದಲ್ಲಿ ಬರೆದದ್ದು ಜೀವಮಾನದಲ್ಲಿ ಒಂದೇ ಸಲ. ಬೇಕರಿಯವರ ಮಗಳ ಕೊನೆಯ ಬಟ್ಟೆಗೆ, ಅವಳ ದೇಹವನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ. ಬರೆಯುವಾಗ ನನ್ನ ಪೆನ್ನು ನಡುಗಿತ್ತು.

ಈಗ ಹೇಳುವುದನ್ನು ಓದಿ ತಲೆ ಕೆಟ್ಟಿದೆ ಎನ್ನಬೇಡಿ, ಅಂದರೂ ಪೂರ್ತಿ ಓದಿ ಆಮೇಲೆ ಅನ್ನಿ. ಹೋದ ತಿಂಗಳು ಅಂಚೆಯವರ ಮಗಳ ಪುಟ ಹುಡುಕುತ್ತಿದ್ದಾಗ ಅದರ ಹಿಂದೆ ಅಂಟಿಕೊಂಡಿದ್ದ ಒಂದು ಪುಟ ಬಿಡಿಸಿಕೊಂಡಿತು. ಮೇಲೆ ಹೆಸರಿಲ್ಲ. ಮೊದಲ ಸಲ ಫೋನ್ ಸಿಸ್ಟರ್ “ಕೂತಿದ್ದೀರಾ” ಎಂದಾಗ ನನ್ನ ತೊಡೆಯ ಮೇಲೆ ಇದೇ ಪುಸ್ತಕವಿತ್ತು. ಅಳುತ್ತಾ ಎರಡು ಹಾಳೆ ಒಟ್ಟಿಗೆ ಮಗುಚಿ ಒಂದು ಪುಟ ಖಾಲಿ ಬಿಟ್ಟಿದ್ದೆ. ಆ ಪುಟವೇ. ಆದರೆ ಖಾಲಿಯಿಲ್ಲ ರೀ. ಅದರಲ್ಲಿ ಒಂಬತ್ತು ಸಾಲು ಅಳತೆಗಳಿವೆ, ನನ್ನದೇ ಅಕ್ಷರ. ಮೊದಲ ಸಾಲು: ಎದೆ ಹದಿನೇಳು, ಉದ್ದ ಹನ್ನೆರಡು. ಎಳೆಗೂಸಿನ ಅಂಗಿಯ ಅಳತೆ. ಎರಡನೆಯದರಲ್ಲಿ ಎದೆ ಒಂದು ಇಂಚು ಜಾಸ್ತಿ. ಹಾಗೇ ಬೆಳೆಯುತ್ತಾ ಕೊನೆಯ ಸಾಲಿಗೆ ಎದೆ ಇಪ್ಪತ್ತೊಂದು, ಉದ್ದ ಹದಿನೆಂಟು. ತಾರೀಖುಗಳನ್ನು ಕ್ಲಿನಿಕ್ಕಿನ ಚೀಟಿಗಳ ಜೊತೆ ಇಟ್ಟು ನೋಡಿದೆ. ಒಂದೂ ತಪ್ಪದೆ ಎಲ್ಲವೂ ನಾನು ಅಲ್ಲಿ ಕಾಯುತ್ತಾ ಕೂತಿದ್ದ ದಿನಗಳೇ. ಮೊದಲ ಭ್ರೂಣ ಹಾಕಿದ ದಿನದಿಂದ ಮೊದಲ ಸಾಲಿನ ತಾರೀಖಿಗೆ ಬೆರಳು ಮಡಚಿ ಎಣಿಸಿದೆ. ಒಂಬತ್ತು ತಿಂಗಳು.

ಕಾದು ಕಾದು ಮಂಕು ಹಿಡಿದು ನಾನೇ ಬರೆದಿರಬೇಕು ಎಂದುಕೊಂಡೆ. ಬೇರೆಯವರಾದರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಪ್ರತಿ ಸಾಲಿನಲ್ಲೂ ಒಂದು ಮಾತಿದೆ: “ಬಲಭುಜ ಅರ್ಧ ಇಂಚು ಇಳಿ.” ನೆನಪಿದೆಯಲ್ಲವೇ? ನೀವು ಮೊದಲ ಸಲ ಶರ್ಟು ಹೊಲಿಸಲು ಬಂದಾಗ ಟೇಪು ಕಂಕುಳಿಗೆ ತಾಗಿದ್ದೇ ತಡ ಕಚಗುಳಿಯಾಗಿ ನಕ್ಕು ನಕ್ಕು ಬಾಗಿಬಿಟ್ಟಿದ್ದಿರಿ. “ಸ್ವಲ್ಪ ನೆಟ್ಟಗೆ ನಿಂತ್ಕೊಳ್ರೀ” ಎಂದು ಗದರಿಸಿ, ನಿಮ್ಮ ಬಲಭುಜ ಅರ್ಧ ಇಂಚು ಕೆಳಗಿದೆ ಎಂದು ಕಂಡುಹಿಡಿದವಳು ನಾನು. ಹೆತ್ತ ತಾಯಿಗೇ ಗೊತ್ತಿರಲಿಲ್ಲ ಅದು. ಸಾವಿರ ಜನಕ್ಕೆ ಹೊಲಿದಿದ್ದೇನೆ, ಹಾಗೆ ಬರೆದದ್ದು ನಿಮ್ಮೊಬ್ಬರ ಪುಟದಲ್ಲಿ.

ಹೋದ ಗುರುವಾರ ಫಾರಂ ಗಡುವಿನ ವಿಷಯ ಕೇಳಲು ಕ್ಲಿನಿಕ್ಕಿಗೆ ಹೋಗಬೇಕಿತ್ತು. ಪರೀಕ್ಷೆ ಮಾಡಿಯೇಬಿಡೋಣ ಎಂದು ಪುಸ್ತಕವನ್ನು ಕಾಜಾ ಅಜ್ಜಿಯ ಹತ್ತಿರ ಬಿಟ್ಟು, ಯಾರಿಗೂ ಕೊಡಬೇಡಿ ಎಂದು ಎರಡು ಸಲ ಹೇಳಿ ಬರಿಗೈಯಲ್ಲಿ ಹೋದೆ. ಟೋಕನ್ ಮೂವತ್ತೊಂದು. ನಾಲ್ಕು ಗಂಟೆ ಕಾಲ ಹಸಿರು ಕುರ್ಚಿ ಬಿಟ್ಟು ಏಳಲಿಲ್ಲ. ನೀರು ಕುಡಿಯಲೂ ಹೋಗಲಿಲ್ಲ. ಮಧ್ಯಾಹ್ನ ವಾಪಸು ಬಂದು ಪುಸ್ತಕ ಕೇಳಿದರೆ ಅಜ್ಜಿ ಗುಂಡಿ ಡಬ್ಬಿಯಿಂದ ತಲೆ ಎತ್ತದೆ, “ಮತ್ತೆ ಯಾಕೆ ಬಂದೆ? ಆಗ್ಲೇ ಬಂದು ಬರ್ಕೊಂಡು ಹೋದ್ಯಲ್ಲೇ” ಎಂದರು. ಏನು ಬರೆದುಕೊಂಡೆ ಅಜ್ಜಿ ಎಂದೆ. “ಮಗೂನ ಸ್ಟೂಲ್ ಮೇಲೆ ನಿಲ್ಲಿಸಿ ಅಳತೆ ತಗೊಂಡೆ. ಕಾಫಿ ಕುಡೀತೀಯಾ ಅಂದ್ರೆ ಒಂದು ಮಾತಿಲ್ಲ ಕಥೆಯಿಲ್ಲ. ಮಗು ಮಾತ್ರ ಟೇಪು ತಾಗಿದ್ರೆ ಸಾಕು, ಕಚಗುಳಿ ಆಗಿ ಕಿಲಕಿಲ ಅಂತ ಒಂದೇ ಸಮನೆ ನಗ್ತಿತ್ತು. ಯಾರ ಮಗೂನೇ ಅದು?”

ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತಾರೆ, ಕನಸು ಕಂಡಿರಬಹುದು. ಎಲ್ಲ ಒಪ್ಪುತ್ತೇನೆ. ಆದರೆ ಪುಸ್ತಕದಲ್ಲಿ ಹತ್ತನೆಯ ಸಾಲಿತ್ತು, ಗುರುವಾರದ ತಾರೀಖು ಹಾಕಿ. ಎದೆ ಇಪ್ಪತ್ತೊಂದೂ ಕಾಲು, ಉದ್ದ ಹದಿನೆಂಟೂವರೆ, ಬಲಭುಜ ಅರ್ಧ ಇಂಚು ಇಳಿ, ಮಡಿಕೆ ಎರಡು ಇಂಚು. ಅಜ್ಜಿಯ ಸ್ಟೂಲು ಕೋಣೆಯ ನಡುವೆ ಇತ್ತು. ಅವರು ಅದನ್ನು ಯಾವಾಗಲೂ ಗೋಡೆಗೆ ಒತ್ತಿ ಇಡುತ್ತಾರೆ, ಎಡವುತ್ತೇನೆಂದು.

ಭಯವಾಯಿತೇ ಎಂದು ಕೇಳುತ್ತೀರಿ. ಆಯಿತು. ಮೆಟ್ಟಿಲ ಮೇಲೇ ಕೂತುಬಿಟ್ಟೆ. ಆದರೆ ಹತ್ತು ನಿಮಿಷ ಕಳೆದ ಮೇಲೆ ನನಗೆ ಬಂದದ್ದು ಹೊಟ್ಟೆಕಿಚ್ಚು ರೀ. ಯಾವಳೋ ಒಬ್ಬಳು, ನನ್ನಂತೆಯೇ ಇರುವವಳು, ಟೇಪು ಹಿಡಿದು ಆ ನಗು ಕೇಳಿಸಿಕೊಂಡಳಲ್ಲ. ನನಗೆ ಹಸಿರು ಕುರ್ಚಿ, ಅವಳಿಗೆ ಆ ನಗು. ಈ ಮೂರು ವರ್ಷದಲ್ಲಿ ಡಾಕ್ಟರ ಮುಂದೆ, ನಿಮ್ಮಮ್ಮನ ಮುಂದೆ, ಕೊನೆಗೆ ನಿಮ್ಮ ಮುಂದೆಯೂ “ಆದ್ರೆ ಆಗ್ಲಿ, ಇಲ್ದಿದ್ರೆ ಇಲ್ಲ” ಎಂದು ದೊಡ್ಡವಳ ಹಾಗೆ ಮಾತಾಡಿದೆ. ಸುಳ್ಳು. ನನಗೆ ಮಗು ಬೇಕು. ಇನ್ನೊಂದು ಸಲ ಕಾಯಬೇಕೆಂದರೆ ಭಯವಾಗುತ್ತದೆ, ಆದರೂ ಬೇಕು. ನೀವು ನನ್ನ ಮೇಲಿನ ಪ್ರೀತಿಗೇ ನಿಲ್ಲಿಸಿ ಎಂದಿರಿ, ಗೊತ್ತು. ನಾನು ಬಾಯಿ ಬಿಟ್ಟು ಹೇಳಲಿಲ್ಲ, ಅದು ನನ್ನ ತಪ್ಪು.

ಅಮ್ಮನವರಿಗೆ ಫೋನ್ ಮಾಡುತ್ತಿರುತ್ತೇನೆ, ಚಿಂತೆ ಬೇಡ. ಹಡಗಿನ ಅಡುಗೆಯವರಿಗೂ ನಿಮ್ಮ ಕೋಣೆಯ ಗೊರಕೆ ಮಹಾಶಯರಿಗೂ ನಾನು ಕೇಳಿದೆನೆಂದು ಹೇಳಿ. ಮಂಡಿಗೆ ಮುಲಾಮು, ತಲೆಗೆ ಟೋಪಿ, ಮರೆಯಬೇಡಿ. ಹೋದ ಹಾಗೇ ನೆಟ್ಟಗೆ ತಿರುಗಿ ಬನ್ನಿ, ಭುಜ ಅರ್ಧ ಇಂಚು ಇಳಿದಿದ್ದರೂ ಪರವಾಗಿಲ್ಲ.

ಇಂತಿ ನಿಮ್ಮ
ಟೈಲರಮ್ಮ

ತಾ.ಕ.: ಈಗಷ್ಟೇ ಕಂಪನಿಯವರ ಫೋನು, ನಿಂತೇ ಮಾತಾಡಿದೆ. ಚೀಲ ಶುಕ್ರವಾರವಲ್ಲ, ಇವತ್ತೇ ಒಂದು ಗಂಟೆಗೆ ಹೊರಡುತ್ತದಂತೆ. ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಫಾರಂ ವಿಷಯ: ನೀವು ಸಹಿ ಹಾಕಿಟ್ಟದ್ದು ಇನ್ನಿಲ್ಲ. ಭಾನುವಾರ ಬೆಳಗ್ಗೆ, ಈ ಹೆದರಿಕೆಯೇ ಸಾಕು, ಸಹಿ ಮಾಡಿ ಮುಗಿಸೋಣ ಎಂದು ಡ್ರಾಯರ್ ಎಳೆದೆ. ಇರಲಿಲ್ಲ. ಬಟ್ಟೆಯ ಅಚ್ಚಿಗೆಂದು ಕತ್ತರಿಸಿ ಮೊಳೆಗೆ ನೇತುಹಾಕಿರುವ ಪೇಪರ್ ಕಟಿಂಗ್ ಕಂತೆಯಲ್ಲಿ ಸಿಕ್ಕಿತು, ಪುಟ್ಟ ಫ್ರಾಕಿನ ಮೇಲ್ಭಾಗವಾಗಿ. ಕೈಗೆ ಸಿಕ್ಕ ಕಾಗದ ಕತ್ತರಿಸುವುದು ನನ್ನ ಹಳೇ ಚಾಳಿ, ನಿಮ್ಮ ಪರೀಕ್ಷೆಯ ಟೈಂಟೇಬಲ್ ಕೂಡ ಒಮ್ಮೆ ಕಾಲರ್ ಆಗಿತ್ತು. ಆದರೆ ಇದನ್ನು ಕತ್ತರಿಸಿದ ನೆನಪು ನನಗಿಲ್ಲ. ಟೇಪು ಹಿಡಿದೆ, ಆ ಪುಟದ ಅಳತೆಯೇ. ನಿಮ್ಮ ಸಹಿ ಸರಿಯಾಗಿ ಬಲಭುಜದ ಮೇಲೆ ಬಂದಿದೆ, ಅರ್ಧ ಇಂಚು ಇಳಿಸಿದ ಕಡೆ. ನಿನ್ನೆ ಹೋಗಿ ಹೊಸ ಫಾರಂ ತಂದೆ, ಇದರ ಜೊತೆಗಿದೆ. ಕೊನೆಯದನ್ನು ಹಾಕಿ ಎನ್ನುವ ಕಡೆ ನಾನು ಸಹಿ ಹಾಕಿದ್ದೇನೆ. ನೀವು ಬೇಡ ಎಂದರೆ ಜಗಳವಾಡುವುದಿಲ್ಲ. ಇಲ್ಲ, ಆಡುತ್ತೇನೆ. ಲಕೋಟೆ ಅಂಟಿಸುವ ಮುಂಚೆ ಪುಸ್ತಕ ತೆರೆದು ನೋಡಿದೆ. ನಾನು ಕ್ಲಿನಿಕ್ಕಿಗೆ ಹೋಗದಿದ್ದರೂ ಇವತ್ತಿನ ತಾರೀಖಿನ ಸಾಲು ಬಂದಿದೆ. ಎದೆ ಇಪ್ಪತ್ತೊಂದೂ ಕಾಲು, ಉದ್ದ ಹದಿನೆಂಟೂವರೆ. ಗುರುವಾರದಷ್ಟೇ, ಕೂದಲೆಳೆಯೂ ಹೆಚ್ಚಿಲ್ಲ. ಅದರ ಮುಂದೆ, ನಡುಗುವ ಅಕ್ಷರದಲ್ಲಿ, “ಮಡಿಕೆ ಬೇಡ”. ಅದನ್ನು ಹೊಡೆದುಹಾಕಿ ಎರಡು ಇಂಚು ಎಂದು ಬರೆದಿದ್ದೇನೆ ರೀ, ಶಾಯಿ ಇನ್ನೂ ಹಸಿ ಇದೆ. ಬೇಗ ಸಹಿ ಹಾಕಿ ಕಳಿಸಿ.