ಹಾಲಮ್ಮನ ದಮ್ಮು

ಅಜ್ಜಂಪುರ
೫-೨-೧೯೬೩

ಚಿ. ಸೌ. ಮಲ್ಲಿಕಾಂಬಳಿಗೆ ನಿನ್ನ ಗಂಡ ತೀರ್ಥಪ್ಪ ಮಾಡುವ ಆಶೀರ್ವಾದ. ಇಲ್ಲಿ ಕ್ಷೇಮವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನೀನು ಪಂಚನಹಳ್ಳಿಯ ತವರಿಗೆ ಹೋಗಿ ವರ್ಷವಾಯಿತು. "ಮಗೀಗೆ ಏನೋ ಆಗ್ತೈತೆ ಕಣ್ರೀ, ಡಾಕ್ಟ್ರಿಗೆ ತೋರ್ಸಾನ" ಎಂದು ನೀನು ಅತ್ತಾಗ, "ನಾಟಕದ ಮೇಷ್ಟ್ರ ಮಗಳಿಗೆ ರೋಗವೇ!" ಎಂದು ಹೆಂಚು ಹಾರುವಂತೆ ಗರ್ಜಿಸಿದವನು ನಾನು. ಹೋಗುವುದಾದರೆ ಒಬ್ಬಳೇ ಹೋಗು ಎಂದು ಹಾಲಮ್ಮನನ್ನು ನಿನ್ನ ಕೈಯಿಂದ ಕಿತ್ತುಕೊಂಡವನೂ ನಾನೇ.

ಕೇಳು. ರಾಜಕುಮಾರನ ವೇಷದಲ್ಲಿ ಅವಳು ಹಾಡಿನ ನಡುವೆ ಒಮ್ಮೆಲೇ ನಿಂತುಬಿಡುತ್ತಿದ್ದಳಲ್ಲ! ನೋಟ ಎಲ್ಲೋ, ರೆಪ್ಪೆ ಮಾತ್ರ ಪಟಪಟ. ಹತ್ತು ಎಣಿಸುವಷ್ಟರಲ್ಲಿ ಏನೂ ಆಗದವಳಂತೆ ಹಾಡು ಮುಂದಕ್ಕೆ. ಜನ "ಒನ್ಸ್ ಮೋರ್!" ಎಂದರು. ಅಭಿನಯವೆಂದು ನಾನು ಮೀಸೆ ತಿರುವಿದೆ. ತಾಲೀಮಿನಲ್ಲಿ ಹಾಗೆ ನಿಂತಾಗ ಮಾತ್ರ, ಕಳ್ಳಾಟವೆಂದು ಕೆನ್ನೆಗೆ ಬಾರಿಸಿದೆ. ದಮ್ಮು ಬೆಳೆಯಲೆಂದು ದಿನಾ ಬೆಳಿಗ್ಗೆ ಜೋರಾಗಿ ಉಸಿರೆಳೆಸಿ ಬಿಡಿಸುತ್ತಿದ್ದೆ. ನಿಲ್ಲುವುದು ಹೆಚ್ಚಾಯಿತು. ಏಟೂ ಹೆಚ್ಚಾಯಿತು.

ಮೊನ್ನೆ ಹಾರ್ಮೋನಿಯಂ ಕಲ್ಲೇಶಪ್ಪ ಎತ್ತಿದ ನನ್ನ ಕೈ ಹಿಡಿದ. "ಲೇ ತೀರ್ಥ, ಮಗು ನಾಟ್ಕ ಆಡ್ತಿಲ್ಲ ಕಣೋ. ನಿಂಗೆ ಎಲ್ಲಾ ನಾಟ್ಕವೇ! ನಡಿ ತರೀಕೆರೆಗೆ" ಎಂದು ಬಸ್ಸು ಹತ್ತಿಸಿದ.

ಅಲ್ಲಿಯ ಡಾಕ್ಟರು ಕಾಗದದ ಚೂರೊಂದನ್ನು ಮುಂದೆ ಹಿಡಿದು, ಊದುತ್ತಲೇ ಇರು ತಾಯಿ ಎಂದರು. ಎರಡು ನಿಮಿಷ ಊದಿದಳು, ನಿಂತುಬಿಟ್ಟಳು. ಹೆಸರು ಕೂಗಿದರು, ಕೈ ಚಿವುಟಿದರು, ಅವಳು ಅಲ್ಲಿರಲಿಲ್ಲ. ಎಚ್ಚರವಾದೊಡನೆ ಕೆನ್ನೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು. ಡಾಕ್ಟರೂ ನನ್ನನ್ನೇ ನೋಡಿದರು.

ಮೂರ್ಛೆರೋಗದ ಒಂದು ಬಗೆಯಂತೆ ಇದು. ಬೀಳುವುದಿಲ್ಲ, ನೊರೆ ಬರುವುದಿಲ್ಲ, ಅದಕ್ಕೇ ಬೇಗ ಗುರುತು ಸಿಗುವುದಿಲ್ಲವಂತೆ. ಉಸಿರು ಜೋರಾದರೆ ಎದ್ದು ಬರುತ್ತದಂತೆ. ದಿನಾ ಬೆಳಿಗ್ಗೆ ನಾನೇ ಅದನ್ನು ಕರೆದು ತಂದು, ಬಂದಾಗ ಅವಳನ್ನು ಹೊಡೆದೆ, ಮಲ್ಲೀ.

ಮಾತ್ರೆ ಇದೆ. ಮೊದಲು ಬೆಂಗಳೂರಿನಲ್ಲಿ ಮಿದುಳಿನ ಪರೀಕ್ಷೆಯಾಗಬೇಕು, ತಾಯಿಯೂ ಬಂದು ಕಂಡದ್ದನ್ನು ಹೇಳಬೇಕು ಎಂದಿದ್ದಾರೆ. ಸೋಮವಾರ ಬೆಳಗಿನ ರೈಲಿನಲ್ಲಿ ಬರುತ್ತೇವೆ. ಕಡೂರಿನಲ್ಲಿ ನೀನು ಹತ್ತು. ನಾನು ಬೇಡವೆಂದರೆ ಅಲ್ಲೇ ಇಳಿಯುತ್ತೇನೆ; ಅವಳನ್ನು ಕರೆದುಕೊಂಡು ಹೋಗು.

ನಿನ್ನವನೆಂದು ಬರೆಯಲು ಅಂಜುವ,
ತೀರ್ಥಪ್ಪ

ವಿ.ಸೂ.: ಎಂದಿನಿಂದ ಹೀಗೆ ಎಂದು ಡಾಕ್ಟರು ಕೇಳಿದಾಗ ಆರು ತಿಂಗಳು ಎಂದು ಬರೆಸಿದ್ದೇನೆ. ಅದು ಸುಳ್ಳು; ನೀನು ತಿದ್ದಿಸು. ನೀನು ಹೋಗುವ ಮುಂಚೆಯೇ ಒಂದು ಮಧ್ಯಾಹ್ನ, ಮುದ್ದೆಯ ತುತ್ತು ಕೈಯಲ್ಲೇ ಹಿಡಿದು ಅವಳು ಹಾಗೆ ಕೂತದ್ದನ್ನು ಕಂಡಿದ್ದೆ. ಅಲ್ಲಿ ಪರದೆ ಇರಲಿಲ್ಲ, ಪ್ರೇಕ್ಷಕರಿರಲಿಲ್ಲ. ನೀನು ನೀರು ತರಲು ಹೋಗಿದ್ದೆ. ಮರುದಿನ ನಾಟಕವಿತ್ತು. ನಿನಗೆ ಹೇಳಲಿಲ್ಲ.